ಆಲೆಮನೆಯಲ್ಲಿ ನಾನು ಕೊಟ್ಟ ಚೆಂಬು

ನಾನು ಕೋರ್ಟಿನಲ್ಲಿ ಸುಳ್ಳು ಹೇಳಿದೆ, ನಂಜಪ್ಪ. ಆ ಸುಳ್ಳಿನಿಂದಲೇ ನೀನು ನಾಲ್ಕು ವರ್ಷದಿಂದ ಜೈಲಿನಲ್ಲಿದ್ದೀಯ. ಮರೆವಲ್ಲ, ಭಯವಲ್ಲ — ಬೇಕೆಂದೇ ಹೇಳಿದೆ. ಹೇಳುವಾಗ ಸುಖಪಟ್ಟೆ.

ನಮ್ಮಪ್ಪ ಹಳೇಕೋಟೆಯ ಮೇಷ್ಟ್ರು, ಮಾತು ತೊದಲುವವರು. ನಾಲೆ ನೀರಿನ ಪಂಚಾಯ್ತಿಯಲ್ಲಿ ಅವರು ಎದ್ದು "ನ-ನ-ನನಗೆ" ಎನ್ನುವಷ್ಟರಲ್ಲಿ ನೀನು ಅದೇ ದನಿಯಲ್ಲಿ ಅಣಕಿಸಿದೆ, ಊರೇ ನಕ್ಕಿತು. ಅಪ್ಪ ಕುಳಿತುಬಿಟ್ಟರು. ಮತ್ತೆ ಯಾವ ಸಭೆಯಲ್ಲೂ ಎದ್ದು ನಿಲ್ಲಲಿಲ್ಲ. ಮೈಸೂರಿನ ಕಾಲೇಜಿನಲ್ಲಿ ನಾನು ಗೆದ್ದ ಚರ್ಚೆಗಳೆಲ್ಲ ಆ ನಗುವಿನ ಎದುರಿಗೇ. ದೇವರನ್ನು ನಂಬದವನು ನಾನು. ಶಿಕ್ಷಿಸಲು ಮೇಲೆ ಯಾರೂ ಇಲ್ಲವೆಂದ ಮೇಲೆ ನಾನೇ ಶಿಕ್ಷಿಸಬೇಕಲ್ಲ — ಹೀಗೆ ವಾದ ಹೂಡಿಕೊಂಡೆ.

ದೊಡ್ಡಪ್ಪನ ಆಲೆಮನೆಯಲ್ಲಿ ಎರಡು ಕೊಡ ಇರುತ್ತಿದ್ದವು. ಒಂದು, ಬಂದವರಿಗೆಲ್ಲ ಕೊಡುವ ಕಬ್ಬಿನ ಹಾಲು. ಇನ್ನೊಂದು ಅಮಲೇರಿಸುವ ಭಂಗಿ ಸೊಪ್ಪು ಅರೆದು ಬೆರೆಸಿದ್ದು. ಒಲೆಯ ಮುಂದೆ ಬೇಯುವ ಆಳುಗಳಿಗೆ. ಬಣ್ಣ ಎರಡರದೂ ಒಂದೇ. ನೀನು ಭಂಗಿ ಮುಟ್ಟಿದವನಲ್ಲ. ರಜೆಗೆ ಬಂದ ನಾನು ಆ ಕೊಡಗಳ ಬಳಿ ಇದ್ದಾಗ ನೀನು ಬಂದೆ.

"ಏನ್ಲಾ ತೊದ್ಲು ಮೇಷ್ಟ್ರ ಮಗ, ಕಾಲೇಜ್ನಾಗೆ ಬಾಯಿ ಬಂತಾ? ಒಂದ್ ಚೆಂಬು ಆಲು ಕೊಡ್ಲಾ, ಬಿಸ್ಲಾಗೆ ಬಂದಿವ್ನಿ."

ಎರಡನೆಯ ಕೊಡದಿಂದ ತುಂಬಿ ಕೊಟ್ಟೆ.

"ಘಾಟು ಐತಲ್ಲೋ?" ಎಂದೆ ನೀನು.

"ಶುಂಠಿ ಆಕವ್ರೆ, ಕುಡಿಯಣ್ಣ."

ಇನ್ನೊಂದು ಚೆಂಬೂ ಕೊಟ್ಟೆ. ನೀನು ಊರ ಮುಂದೆ ನಗೆಪಾಟಲಾಗಬೇಕು — ನನಗೆ ಬೇಕಿದ್ದುದು ಇಷ್ಟೇ... 'ಇಷ್ಟೇ' ಎನ್ನುವುದೂ ವಕೀಲಿಕೆಯೇ.

ನೀನು ಕಂಡದ್ದು ಏನೋ. "ಉರಿ ಮ್ಯಾಲೆ ಬತ್ತೈತೆ, ತಡೀರ್ಲಾ" ಎಂದು ಕೂಗುತ್ತ, ಒಲೆಗೆ ಸಿಪ್ಪೆ ಒಟ್ಟುತ್ತಿದ್ದ ನಿಂಗಯ್ಯನ ಮೇಲೆ ಕಬ್ಬಿನ ಮಚ್ಚು ಬೀಸಿದೆ. ಮೂರನೆಯ ದಿನ ಅವನು ಸತ್ತ.

ಕಾನೂನು ನನಗೆ ಗೊತ್ತಿತ್ತು. ಅದರ ಮೇಲೆಯೇ ಒಮ್ಮೆ ಚರ್ಚೆ ಮಾಡಿದ್ದೆ. ತಾನಾಗಿ ಕುಡಿದವನಿಗೆ ಅಮಲು ನೆಪವಾಗದು. ತಿಳಿಯದಂತೆ ಯಾರೋ ಕುಡಿಸಿ, ಮಾಡುತ್ತಿರುವುದೇನೆಂಬ ಅರಿವೇ ತಪ್ಪಿದ್ದರೆ ಅವನು ಅಪರಾಧಿಯಲ್ಲ. ಹಾಸನದ ಕೋರ್ಟಿನಲ್ಲಿ ನಿನ್ನ ವಕೀಲರು ಆ ಒಂದೇ ಪ್ರಶ್ನೆ ಕೇಳಿದರು: ಅವನಿಗೆ ಗೊತ್ತಿತ್ತೇ? ಕೊಟ್ಟವನು ನಾನೊಬ್ಬನೇ, ಕಂಡವರಿಲ್ಲ.

"ಭಂಗಿ ಹಾಕಿದ್ದೇ ಬೇಕೆಂದು ಕೇಳಿದ, ಸ್ವಾಮಿ. ಬೇಡವೆಂದೆ. ಕಿತ್ತುಕೊಂಡು ಕುಡಿದ."

ಒಂದಕ್ಷರ ತಡವರಿಸಲಿಲ್ಲ. ಕಟಕಟೆಯಲ್ಲಿ ನೀನು "ಇಲ್ಲ... ಅದು... ಆಲು..." ಎಂದು ಮಾತು ಸಿಗದೆ ನಿಂತೆ. ನಾನು ಅಪ್ಪನ ಕಡೆ ತಿರುಗಿದೆ. ನಗುತ್ತಾರೆಂದುಕೊಂಡಿದ್ದೆ. ಅವರು ನಿನ್ನ ಬಾಯನ್ನೇ ನೋಡುತ್ತಿದ್ದರು, ತಮ್ಮ ತುಟಿ ಅಲುಗಿಸುತ್ತ — ನಿನಗೆ ಮಾತು ಎತ್ತಿಕೊಡುವವರ ಹಾಗೆ.

ನಿನ್ನ ಮೇಲಿನ ಸಿಟ್ಟು ಇನ್ನೂ ಹೋಗಿಲ್ಲ. ಕ್ಷಮೆ ಕೇಳುವುದೂ ಇಲ್ಲ. ಕೇಳುವ ಹಕ್ಕು ನನಗೆಲ್ಲಿದೆ? ಆದರೆ ನೀನಿರುವ ಜಾಗ ನನ್ನದು. ಈ ಕಾಗದಕ್ಕೆ ರುಜು ಹಾಕಿದ್ದೇನೆ. ನಾಳೆ ಹಾಸನಕ್ಕೆ ಹೋಗಿ ನಿನ್ನ ವಕೀಲರ ಕೈಗೆ ಕೊಡುತ್ತೇನೆ. ಅದಕ್ಕೆ ಮೊದಲು, ಇವತ್ತೇ, ನಿಂಗಯ್ಯನ ಹೆಂಡತಿಯ ಎದುರು ಕುಳಿತು ಇದನ್ನು ಓದಬೇಕು.