ಮುದ್ದೆಗೆ ಹಲ್ಲು ಯಾಕಜ್ಜಿ

ನಾನು ಇವತ್ತು ಸೌತೆಕಾಯಿ ಕಚ್ಚಿದೆ ಕಣ್ರೀ, ಕರುಂ ಅಂತ ಸದ್ದು ಬಂತು. ಹಲ್ಲೆಲ್ಲ ಹೋದ ಮೇಲೆ ಮುದ್ದೆ ನುಂಗಿಕೊಂಡು, ನೆನೆಸಿದ ರೊಟ್ಟಿ ತಿಂದುಕೊಂಡು ಇದ್ದವಳು ನಾನು.

ಹೊಸ ಹಲ್ಲು ಕೊಟ್ಟವರು ಕಡೂರಿನ ಡಾಕ್ಟ್ರಮ್ಮ. ಗ್ಲೌಸ್ ಹಾಕಿದ ಕೈ ತಾಗಿಸದೆ, ಜಾರುವ ಕನ್ನಡಕವನ್ನ ತೋಳಲ್ಲೇ ಮೇಲಕ್ಕೆ ತಳ್ಳಿಕೊಳ್ಳೋರು. ಮುಂಚೆ ಬೇರೆ ಕಡೆ ಅಳತೆಗೆ ಅಂತ ಬಾಯ್ತುಂಬ ಅಂಟು ಮೆತ್ತಿದಾಗ ವಾಂತಿ ಬಂದು ಎದ್ದು ಬಂದುಬಿಟ್ಟಿದ್ದೆ. ಈಯಮ್ಮ ಪೆನ್ನಿನಂಥ ಕ್ಯಾಮರಾ ಬಾಯೊಳಗೆ ಆಡಿಸಿದ್ರು ಅಷ್ಟೆ, ನನ್ನ ವಸಡು ಟಿವಿಯಲ್ಲಿ ಮೂಡಿತು. "ನೀವೇ ನೋಡಿ ಅಜ್ಜಿ" ಅಂದ್ರು. ಏನು ಮಾಡಿದ್ರೂ ಅದೇ ಮಾತು. ಆ ಅಳತೆಗೆ ಮೆಷಿನ್ನೇ ಹಲ್ಲಿನ ಸೆಟ್ಟು ಮಾಡ್ತಂತೆ.

"ಹಲ್ಲು ಹಾಕೋ ದಿನ ಮನೇಲಿ ತಿನ್ನೋದನ್ನೇ ತನ್ನಿ, ಕಚ್ಚಿ ನೋಡೋಣ" ಅಂದಿದ್ರು. ಇವತ್ತು ನಮ್ಮೂರು ಶಿವನಿಯಿಂದ ರೈಲಲ್ಲಿ ಮುದ್ದೆ ಒಯ್ದೆ. ಹಲ್ಲು ಕೂರಿಸಿದ ಮೇಲೆ ಡಬ್ಬಿ ತೆಗೆದದ್ದೇ ಡಾಕ್ಟ್ರಮ್ಮ ನಗು ತಡೀಲಾರದೆ ಕೂತುಬಿಟ್ರು. "ಮುದ್ದೆ ನುಂಗೋಕೆ ಹಲ್ಲು ಯಾಕಜ್ಜಿ?" ಅಂತ ತಮ್ಮ ಡಬ್ಬಿಯ ಸೌತೆಕಾಯಿ ಹೋಳು ನನಗೆ ಕೊಟ್ಟು, ನನ್ನ ಮುದ್ದೆ ತಾವು ತಿಂದ್ರು.

ಸಂಜೆ ಮನೆಯವರೆಲ್ಲ ಒಟ್ಟಿಗೆ ಊಟಕ್ಕೆ ಕೂತ್ವಿ. ಮೊಮ್ಮಗಳು ಎಂದಿನಂತೆ ನನ್ನ ರೊಟ್ಟಿಯನ್ನ ಸಾರಲ್ಲಿ ನೆನೆಸೋಕೆ ಹೋದಳು.

"ಹಂಗೇ ಕೊಡೇ ಇಲ್ಲಿ" ಅಂದೆ.

"ಅಗಿಯೋಕಾಗುತ್ತಾ ಅಜ್ಜಿ?"

ನಾನು ರೊಟ್ಟಿ ಕಚ್ಚಿ, "ನೀನೇ ನೋಡು" ಅಂದೆ. ಎಲ್ಲರೂ ತಮ್ಮ ತುತ್ತು ಕೈಯಲ್ಲೇ ಹಿಡಕೊಂಡು ನಾನು ಅಗಿಯೋದನ್ನ ನೋಡ್ತಾ ಕೂತ್ರು.