ಅಪ್ಪನ ಏಸಿ ಕೋಣೆ

ಸಾಕಾಗಿದೆ ಗೆಳೆಯರೇ. ಹೃದಯದ ಆಪರೇಷನ್ ಆದ ಅಪ್ಪನಿಗೆ ಸೆಕೆಯಾಗದಿರಲೆಂದು ಪಾಂಡವಪುರದ ಮನೆಗೆ ಏಸಿ ಹಾಕಿಸಿದ್ದೇನೆ. ನಮ್ಮ ಬೀದಿಗೆ ಇದೇ ಮೊದಲನೆಯದು. ಇವತ್ತು ಮಧ್ಯಾಹ್ನ ಅಪ್ಪನನ್ನು ನೋಡುವ ನೆಪದಲ್ಲಿ ಬೀದಿಯವರೆಲ್ಲ ಬಂದು ಕೋಣೆ ತುಂಬಿದರು. ಬಾಗಿಲು ಮುಚ್ಚಲೇ ಇಲ್ಲ. ಅಪ್ಪ ಬೆವರತೊಡಗಿದರು.

"ನಿನ್ ಮಿಷನ್ನು ಬರೀ ಸದ್ದು ಮಾಡ್ತದೆ ಕಣ್ಲಾ, ತಣ್ಣಗೇ ಆಗಕಿಲ್ಲ," ಎಂದರು ಪಕ್ಕದ ಮನೆಯ ಗೌಡರು.

"ಇಷ್ಟು ಜನ ಕೂತ್ಕಂಡು ಬಾಗ್ಲು ತೆಗೆದಿಟ್ರೆ ಅದೆಂಗೆ ತಣ್ಣಗಾಯ್ತದೆ? ಎಲ್ಲಾ ಆಚೆ ನಡೀರಿ!" ಎಂದು ರೇಗಿದೆ. ಎಲ್ಲರೂ ಮುಖ ಸಪ್ಪೆ ಮಾಡಿಕೊಂಡು ಜಗಲಿಗೆ ಹೋದರು.

ಸ್ವಲ್ಪ ಹೊತ್ತಿಗೆ ಕೋಣೆ ತಂಪಾಯಿತು. ಅಪ್ಪ ಮೆಲ್ಲಗೆ ಎದ್ದರು.

"ಮಾತಾಡಕೆ ಒಬ್ರಾದ್ರೂ ಬ್ಯಾಡ್ವೇನ್ಲಾ?" ಎಂದು ಅವರೂ ಜಗಲಿಗೆ ಹೋಗಿ ಕೂತರು.

ಈಗ ಏಸಿ ಬಹಳ ಚೆನ್ನಾಗಿ ಕೆಲಸ ಮಾಡುತ್ತಿದೆ. ಒಳಗೆ ನಾನೊಬ್ಬನೇ ಇದ್ದೇನೆ.