ಪಾಲಿಗೆ ಕೊಟ್ಟ ಆಡು

ರೊಕ್ಕ ಹೆಂಗ ಉಳಸಬೇಕು ಅಂತ ಬುದ್ಧಿ ಹೇಳೋರನ್ನ ಕಂಡ್ರ ನನ್ನ ಅಂಗಾಲಿನ ಸಿಟ್ಟು ನೆತ್ತಿಗೇರತೈತಿ. ಅದಕ್ಕ ಕಾರಣ ನನ್ನ ಭಾವ, ನನ್ನ ಗಂಡನ ಅಣ್ಣ. ಕೊಪ್ಪಳದಾಗ ನೌಕರಿ, ತಿಂಗಳಾದ ಕೂಡಲೇ ಪಗಾರ. ಐತವಾರಕ್ಕೊಮ್ಮೆ ತಾವರಗೇರಾದಾಗಿನ ನಮ್ಮ ಮನಿಗೆ ಬರಾಂವ, ನನ್ನ ಹೊಲಿಗಿ ಮಷಿನ್ ಮುಂದಿನ ಕುರ್ಚಿ ಮ್ಯಾಲ ಕುಂಡ್ರಾಂವ, ಎರಡು ಕಪ್ ಚಾ ಕುಡಿದು, "ಚಾದ ಖರ್ಚು ಕಡಿಮಿ ಮಾಡ್ರಿ" ಅಂತ ಹೇಳಿ ಹೋಗಾಂವ.

ನನ್ನ ಉಳಿತಾಯ ಬ್ಯಾಂಕಿನ್ಯಾಗ ಇರಲಿಲ್ಲ, ಗುಡ್ಡದಾಗ ಮೇಯತಿತ್ತು. ನಮ್ಮ ಕಡೆ ಕೈಯಾಗ ನಾಕು ಕಾಸು ಕೂಡಿದ ಹೆಣ್ಣುಮಕ್ಕಳು ಒಂದು ಹೆಣ್ಣು ಮರಿ ತಗೊಂಡು ಆಡು ಕಾಯೋರಿಗೆ ಪಾಲಿಗೆ ಕೊಡತಾರ. ತಾಯಿ ಆಡು ಕೊಟ್ಟವರದು. ಒಂದು ಸೂಲಿನ ಮರಿ ಕೊಟ್ಟವರಿಗೆ, ಮುಂದಿನ ಸೂಲಿನ ಮರಿ ಕಾಯ್ದವರಿಗೆ. ಕಾಗದಿಲ್ಲ, ಸಹಿ ಇಲ್ಲ, ಬಾಯಿ ಮಾತು. ನಾನೂ ಜಂಪರ್ ಹೊಲಿದ ರೊಕ್ಕದಾಗ ಒಂದು ಮರಿ ತಗೊಂಡು ಹುಲಿಹೈದರದ ಒಬ್ಬಾಕಿಗೆ ಕೊಟ್ಟಿದ್ದೆ. ಗಂಡ ಇಲ್ಲದಾಕಿ, ಒಂದು ಹೆಣ್ಣು ಕೂಸು. ಮುಂಜಾನೆ ಆಡು ಹೊಡಕೊಂಡು ಗುಡ್ಡಕ್ಕ ಹೋದ್ರ ಹೊತ್ತು ಮುಳುಗೋವಾಗ ಬರಾಕಿ. ಆರು ವರ್ಷದಾಗ ಅಕಿ ಕೈಯಾಗ ಆ ಒಂದು ಮರಿ ನನ್ನ ಪಾಲಿಗೆ ನಾಕು ತಾಯಿ ಆಡಾದುವು; ತನ್ನ ಪಾಲಿನ ಮರಿ ಅಕಿ ಆಗಿಂದಾಗ ಮಾರಿ ಮನಿ ನಡಸತಿದ್ಲು. ಆ ನಾಕು ಆಡು ಅಂದ್ರ ನನ್ನ ಮಗಳ ನರ್ಸಿಂಗ್ ಸೀಟು. ಹುಡುಗಿ ನರ್ಸ್ ಆಗ್ತೀನಿ ಅಂದ ದಿನದಿಂದ ನಾ ಅವಕ್ಕ ಹಂಗ ಲೆಕ್ಕ ಹಾಕಿದ್ದೆ.

ಭಾವಗ ಅದನ್ನ ನೋಡಾಕ ಆಗಲಿಲ್ಲ.

"ರೊಕ್ಕ ಎಲ್ಲ್ಯರ ಹುಲ್ಲು ತಿಂದು ಹಿಕ್ಕಿ ಹಾಕತೈತೇನವಾ?" ಅಂದ. "ನಾಳೆ ಒಂದು ಬ್ಯಾನಿ ಬಂತಂದ್ರ ನಾಕೂ ಗೊಟಕ್. ಮಾರಿಬಿಡು. ವರ್ಷಕ್ಕೊಮ್ಮೆ ಕಟ್ಟೋ ಪಾಲಿಸಿ ಐತಿ, ಅದರಿಂದ ನಿನಗೊಂದು ಶಿಸ್ತರ ಬರತೈತಿ."

ನನ್ನ ಗಂಡ ಅಣ್ಣನ ಮಾತಿಗೆ ಗೋಣು ಹಾಕೋದು ಬಿಟ್ಟು ಮತ್ತೇನೂ ಕಲಿತಿಲ್ಲ. ಹಾಕಿದ. ಸುಳ್ಳ್ಯಾಕ ಹೇಳ್ಲಿ, ನನಗೂ ಆಸೆ ಆತು. ಅಚ್ಚು ಹಾಕಿದ ಕಾಗದದ ಮ್ಯಾಲ ಮಗಳ ಹೆಸರು ನೋಡಬೇಕನಿಸ್ತು.

ಹುಲಿಹೈದರಕ್ಕ ಹೋದೆ. ನಾಕೂ ಆಡು ಗಬ್ಬಾಗಿದ್ದುವು, ಗಬ್ಬದ ಆಡಿಗೆ ಸಂತ್ಯಾಗ ರೇಟು ಜಾಸ್ತಿ. "ಇನ್ನೊಂದು ತಿಂಗಳು ತಡೀರಿ ಅಕ್ಕಾರ, ಈ ಸೂಲು ನಂದೈತಿ," ಅಂದ್ಲು ಅಕಿ. "ತಾಯಿ ನನ್ನದಲ್ಲೇನು?" ಅಂದೆ. ಅಕಿ ಗೂಟದ ಹಗ್ಗ ಬಿಚ್ಚಿಕೊಟ್ಲು. ಕೂಸಿಗೆ ಏನಾರ ಕೊಡಿಸು ಅಂತ ನೂರರ ಎರಡು ನೋಟು ಅಕಿ ಕೈಯಾಗ ತುರುಕಿ ಆಡು ಹೇರಿಕೊಂಡು ಟಂಟಂ ಹತ್ತಿದೆ. ಕುಷ್ಟಗಿ ಸಂತ್ಯಾಗ ಮಾರಿದೆ. ಬಂದದ್ದೆಲ್ಲ ಮೊದಲನೇ ವರ್ಷದ ಕಂತಿಗೆ ಹೋತು.

ಮುಂದಿನ ವರ್ಷ ಸಂತ್ಯಾಗ ರೆಡಿಮೇಡ್ ಜಂಪರ್ ರಾಶಿ ಹಾಕಿ ಮಾರಾಕ ಹತ್ತಿದ್ರು. ನನ್ನ ಕಡೆ ಬರೋರು ಅರ್ಧ ಆದ್ರು, ಕಂತು ಕಟ್ಟಾಕ ಆಗಲಿಲ್ಲ. ಅಷ್ಟರಾಗ ಮಗಳಿಗೆ ಸೀಟು ಸಿಕ್ಕು ಫೀ ತುಂಬೋ ದಿನ ಬಂತು. ಕಟ್ಟಿದ್ದನ್ನರ ತಿರುಗಿ ಕೊಡಸ್ರಿ ಅಂತ ಕೊಪ್ಪಳಕ್ಕ ಹೋಗಿ ಭಾವನ ಪಡಸಾಲ್ಯಾಗ ಕುಂತೆ.

"ಒಂದ ಕಂತು ಕಟ್ಟಿ ಬಿಟ್ಟವರಿಗೆ ಏನೂ ಬರಂಗಿಲ್ಲ," ಅಂದ. "ಎಲ್ಲಾ ಕಾಗದದಾಗ ಬರದೈತಿ. ಸಹಿ ಮಾಡೋಕಿಂತ ಮುಂಚೆ ಓದಬೇಕಿತ್ತು."

ಆವಾಗ ಓದಿದೆ. ಏಜೆಂಟ್ ಅನ್ನೋ ಕಡೆ ಅವನ ಹೆಂಡ್ತಿ ಹೆಸರಿತ್ತು! ನನ್ನ ಆಡು ಮಾರಿಸಿ ಕಮಿಷನ್ ತಿಂದಾನ, ಮ್ಯಾಲ ನನಗ ಶಿಸ್ತಿನ ಪಾಠ.

ಹದಿನೆಂಟು ವರ್ಷ "ಭಾವಾರ, ಬರ್ರಿ, ಕುಂಡ್ರಿ" ಅಂದ ಬಾಯಿಂದ ಅವತ್ತು "ಲೇ" ಅಂತ ಬಂತು. "ಲೇ, ಉಂಡ ಮನಿ ಗಳ ಎಣಿಸೋನ! ನಿನ್ನ ಬುದ್ಧಿಗಷ್ಟು ಬೆಂಕಿ ಬೀಳಲಿ! ನನ್ನ ಮನಿ ಚಾ ಕುಡಿದು ನನ್ನ ಮಗಳ ಸೀಟು ನುಂಗಿದೇನೋ?" ಬಾಜೂ ಮನಿಯವರು ಬಾಗಿಲಿಗೆ ಬಂದ್ರು. ಬರಲಿ ಅಂತನ ಇನ್ನಷ್ಟು ಜೋರು ಮಾಡಿದೆ. ಅಂವ ಟಿವಿ ಸೌಂಡು ಏರಿಸಿದ, ಅಷ್ಟ.

ಸೀಟು ಹೋತು. ಮಗಳು ಮನ್ಯಾಗ ಕುಂತು ನಾ ಹೊಲಿದ ಜಂಪರಿಗೆ ಹುಕ್ಕು ಹಚ್ಚಾಕ ಶುರು ಮಾಡಿದ್ಲು. "ಬರೋ ವರ್ಷ ನೋಡೂಣಂತ ಬಿಡಬೇ ಯವ್ವ," ಅಂದ್ಲು. ಅಕಿ ಒಮ್ಮೆ ಅತ್ತಿದ್ರ ನನಗ ಛಲೋ ಆಗತಿತ್ತು.

ಹೋದ ತಿಂಗಳು ಮತ್ತ ಒಂದು ಹೆಣ್ಣು ಮರಿ ತಗೊಂಡೆ. ಒಂದು ಮರಿಯಿಂದ ಒಂದು ವರ್ಷದಾಗ ಸೀಟು ಆಗಂಗಿಲ್ಲ ಅಂತ ನನಗೂ ಗೊತ್ತು. ಆದ್ರ ಎಲ್ಲಿಂದರ ಶುರು ಮಾಡಬೇಕಲ್ಲ. ಮರಿ ಎತಿಗೊಂಡು ಹುಲಿಹೈದರಕ್ಕ ಹೋದೆ. ಅಕಿ ಅಂಗಳದಾಗ ಗೂಟ ಖಾಲಿ ಇದ್ದುವು. ಕುಂತು ಭಾವನ ಕತಿ ಎಲ್ಲಾ ಹೇಳಿದೆ, ಬೈಗುಳ ಸಮೇತ. "ಹೌದ್ರಿ, ಮೋಸ ಆತು," ಅಂದ್ಲು. ಮರಿ ಮುಂದಿಟ್ಟೆ. ಅಕಿ ಅದರ ಬೆನ್ನು ಸವರಿದ್ಲು, ಬಾಯಿ ತೆಗದು ಹಲ್ಲು ನೋಡಿದ್ಲು, ತಿರುಗಿ ನನ್ನ ಉಡ್ಯಾಗ ಇಟ್ಲು.

"ಒಲ್ಲೆ ಅಕ್ಕಾರ."

"ಯಾಕ? ಪಾಲು ಮೊದಲಿನಂಗ ಐತಲ್ಲ."

"ಆ ನಾಕು ಆಡಿನ ಸೂಲಿನ ಮ್ಯಾಲ ನನ್ನ ಮಗಳ ಸಾಲಿ ನಿಂತಿತ್ರಿ. ಒಂದ ತಿಂಗಳು ತಡೀರಿ ಅಂದೆ. ಈಗ ಅಕಿ ಕಾರಟಗಿ ಕಡೆ ಭತ್ತದ ನಾಟಿಗೆ ಹೋಗ್ಯಾಳ."

ನನಗ ಸಿಟ್ಟ ಬಂತು. ನನ್ನ ಸಂಕಟದಾಗ ನಾ ಇದ್ರ ಇಕಿದೊಂದು! "ರೂಢಿ ಬಿಟ್ಟು ನಾ ಏನು ಮಾಡೀನಿ? ತಾಯಿ ಮಾರಿದ್ರ ಹೊಟ್ಟ್ಯಾಗಿಂದೂ ಹೋಗತೈತಿ. ಪಾಲಿಗೆ ತಗೊಳ್ಳೋಕಿಂತ ಮುಂಚೆ ಕೇಳಬೇಕಿತ್ತು ನೀ," ಅಂದೆ.

ಮಾತು ಬಾಯಿಂದ ಬಿತ್ತು. ಬಿದ್ದ ಮ್ಯಾಲ ಕೊಪ್ಪಳದ ಆ ಪಡಸಾಲಿ ನೆನಪಾತು.

"ಅದಕ್ಕ ಒಲ್ಲೆ ಅಂದೆ," ಅಂದ್ಲು ಅಕಿ. "ನಾ ಕಾಯ್ದು ದೊಡ್ಡದು ಮಾಡಿದ್ರೂ ತಾಯಿ ನಿಮ್ಮದಲ್ಲೇನ್ರಿ?"

ಮರಿ ಎತಿಗೊಂಡು ಬಸ್ಸಿಗೆ ಬಂದೆ. ಕಂಡಕ್ಟರ್ ಅದಕ್ಕೂ ಟಿಕೆಟ್ ಹರದ. ಇನ್ನೊಂದು ದಿನ ಆಗಿದ್ರ ಅವನ ಕೂಡ ಜಗಳಾ ಮಾಡತಿದ್ದೆ.

ಮರಿ ಯಾಕ ತಿರುಗಿ ಬಂತು ಅಂತ ಮಗಳು ಕೇಳಿದ್ಲು. ಎಲ್ಲಾ ಹೇಳಿದೆ, ನಾ ಅಂದದ್ದೂ ಸೈತ. ಅಕಿ ಸೂಜಿ ಕೆಳಗಿಟ್ಲು.

"ಸಾಲಿ ಬಿಟ್ಟಾಗ ಆ ಹುಡುಗಿ ಎಷ್ಟನೇ ಕ್ಲಾಸಿನ್ಯಾಗ ಇದ್ಲಬೇ?"

ನನಗ ಗೊತ್ತಿರಲಿಲ್ಲ. ಆರು ವರ್ಷ ಆ ಮನಿಗೆ ಹೋಗಿ ಮರಿ ಎಣಿಸಿಕೊಂಡು ಬಂದೀನಿ, ಆ ಕೂಸಿನ ಹೆಸರೂ ಒಮ್ಮೆ ಕೇಳಿಲ್ಲ.